ಮೀನಿನ ಗಾಡಿಗೆ ಯಾವ ಬ್ರೇಕ್ ಪೈಪು?

ತದಡಿ ಬಂದರಿನಿಂದ ಶಿರಸಿಗೆ ಮೀನು ಒಯ್ಯುವ ನಮ್ಮ ಪಿಕಪ್ ಹಳೆಯದು. ಐಸ್ ಕರಗಿದ ಉಪ್ಪುನೀರು ಹಲಗೆಯ ಸಂದಿಯಿಂದ ಚಾಸಿಗೆ ಸೋರುತ್ತಲೇ ಇರುತ್ತದೆ. ಸಮುದ್ರದ ಗಾಳಿ ಬೇರೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಬ್ರೇಕ್ ಪೈಪುಗಳನ್ನು ಇಲ್ಲಿಯವರೆಗೆ ಮೂರು ಸಲ ಬದಲಿಸಿದ್ದೇನೆ, ಒಂದೊಂದು ಸಲ ಒಂದೊಂದು ಲೋಹ.

ಮೊದಲು ಹಾಕಿದ್ದು ಸ್ಟೀಲ್. ಅಗ್ಗ, ಗಟ್ಟಿ, ಎಲ್ಲ ಕಡೆ ಸಿಗುತ್ತದೆ. ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಕ್ಲಿಪ್ಪಿನ ಅಡಿಯಲ್ಲಿ ತುಕ್ಕು ತಿಂದಿತ್ತು. ಕಣ್ಣಿಗೆ ಕಾಣುವ ಜಾಗವೆಲ್ಲ ಚೆನ್ನಾಗಿತ್ತು, ಹಾಗಾಗಿ ಗೊತ್ತೇ ಆಗಲಿಲ್ಲ. ದೇವಿಮನೆ ಘಟ್ಟ ಇಳಿಯುವಾಗ ಪೆಡಲ್ ಒಮ್ಮೆಲೇ ಕೆಳಗೆ ಹೋಯಿತು. ಹಿಂದಿನ ಚಕ್ರಕ್ಕೆ ಹೋಗುವ ಪೈಪು ಒಡೆದಿತ್ತು. ಸಿಲಿಂಡರಿನೊಳಗೆ ಮುಂದಕ್ಕೊಂದು, ಹಿಂದಕ್ಕೊಂದು ಕೋಣೆ ಇರುವುದರಿಂದ ಮುಂದಿನ ಬ್ರೇಕ್ ಉಳಿದಿತ್ತು. ಎರಡನೇ ಗೇರಿಗೆ ಇಳಿಸಿ ಬದಿಗೆ ನಿಲ್ಲಿಸಿದೆ. ಕೈಕಾಲು ನಡುಗುತ್ತಿತ್ತು. ಶಿರಸಿಯಲ್ಲಿ ಅಡಿಕೆ ಸಾಗಿಸುವ ನಮ್ಮ ಭಾವನ ಗಾಡಿಯಲ್ಲಿ ಇದೇ ಸ್ಟೀಲ್ ಪೈಪು ವರ್ಷಗಟ್ಟಲೆ ಬಂದಿದೆ. ಘಟ್ಟದ ಮೇಲೆ ಅದು ಸಾಕು. ಮೀನು ಹೊರುವ ಗಾಡಿಗೆ ಬೇಡ.

ಆಮೇಲೆ ತಾಮ್ರ. ಕೈಯಲ್ಲೇ ಬಗ್ಗುತ್ತದೆ, ತುಕ್ಕು ಹಿಡಿಯುವುದಿಲ್ಲ. ಆದರೆ ನಡುಗಿ ನಡುಗಿ ತಾಮ್ರ ಬಿರುಸಾಗುತ್ತದೆ, ಕೊನೆಗೆ ಸೀಳುತ್ತದೆ. ಒಂದೂವರೆ ವರ್ಷಕ್ಕೆ ಸಿಲಿಂಡರಿನ ಹತ್ತಿರದ ಫ್ಲೇರಿನಲ್ಲಿ, ಅಂದರೆ ಅಗಲಿಸಿದ ಪೈಪಿನ ತುದಿಯಲ್ಲಿ, ಒದ್ದೆ ಕಂಡಿತು. ಅದೇ ದಿನ ತೆಗೆದೆ.

ಈಗಿರುವುದು ತಾಮ್ರಕ್ಕೆ ನೂರರಲ್ಲಿ ಸುಮಾರು 10 ಭಾಗ ನಿಕಲ್ ಬೆರೆಸಿದ ಪೈಪು. ಹಡಗಿನ ಇಂಜಿನ್ ರೂಮಿನಲ್ಲಿ ದುಡಿದ ಹಿರಿಯರೊಬ್ಬರು ಹೇಳಿದ್ದರು, "ತಮಾ, ಸಮುದ್ರದ ನೀರು ಹರಿಯುವ ಪೈಪಿಗೇ ಇದನ್ನು ಹಾಕ್ತಾರೆ. ನಿನ್ನ ಮೀನಿನ ನೀರು ಯಾವ ಲೆಕ್ಕ?" ದುಡ್ಡು ಜಾಸ್ತಿ. ಆದರೆ ಸ್ಟೀಲಿಗಿಂತ ಸುಲಭವಾಗಿ ಬಗ್ಗುತ್ತದೆ, ಫ್ಲೇರ್ ಬಿರಿಯದೆ ಬರುತ್ತದೆ. ಮೂರು ಮಳೆಗಾಲ ದಾಟಿದೆ. ಕ್ಲಿಪ್ ಬಿಚ್ಚಿ ಬಿಚ್ಚಿ ನೋಡಿದ್ದೇನೆ, ಒಂದು ಗುಳಿಯೂ ಇಲ್ಲ. ನನ್ನ ಆಯ್ಕೆ ಇದೇ.

ಎಷ್ಟೇ ಒಳ್ಳೆಯ ಪೈಪಾದರೂ ಸಿಲಿಂಡರಿಗೆ ಸೇರಿಸುವ ಕಡೆ ತಪ್ಪಿದರೆ ಎಲ್ಲ ಹಾಳು. ಒಂದು ಗ್ಯಾರೇಜಿನಲ್ಲಿ ನಟ್ಟಿಗೆ ಟೆಫ್ಲಾನ್ ಟೇಪ್ ಸುತ್ತಿಕೊಟ್ಟಿದ್ದರು. ಆಯಿಲ್ ತಡೆಯುವುದು ಥ್ರೆಡ್ ಅಲ್ಲ, ಫ್ಲೇರ್. ಟೇಪಿನ ಚೂರು ಒಳಗೆ ಹೋದರೆ ಇನ್ನೂ ಕಷ್ಟ. ನಟ್ಟಿನ ಅಳತೆಯೂ ಮೋಸ ಮಾಡುತ್ತದೆ. 10 ಮಿಲಿಮೀಟರ್ ಥ್ರೆಡ್ಡಿನ ತೂತಿಗೆ 3/8 ಇಂಚಿನ ನಟ್ ಸಡಿಲವಾಗಿ ಹೋಗಿಬಿಡುತ್ತದೆ, ಬಿಗಿ ಮಾಡುವಾಗ ಥ್ರೆಡ್ ಕಿತ್ತುಬರುತ್ತದೆ. ಹಳೆಯ ನಟ್, ಹಳೆಯ ಫ್ಲೇರ್ ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿ ನೋಡಬೇಕು. ಫ್ಲೇರ್ ಮಾಡುವ ಮೊದಲೇ ನಟ್ ಪೈಪಿಗೆ ಏರಿಸಿರಬೇಕು.

ಪೈಪು ಕೂಡಿಸುವಾಗ ಸಿಲಿಂಡರನ್ನು ಪೂರ್ತಿ ಬಿಗಿ ಮಾಡಬೇಡಿ. ಸ್ವಲ್ಪ ಅಲ್ಲಾಡುವಂತಿದ್ದರೆ ನಟ್ ಬೆರಳಲ್ಲೇ ನೇರವಾಗಿ ಹಿಡಿಯುತ್ತದೆ. ಮೂರು ಸುತ್ತು ಕೈಯಲ್ಲಿ ಹೋದ ಮೇಲೆ ನಟ್ಟನ್ನು ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ಹಾಕಿ. ಸಾದಾ ಸ್ಪ್ಯಾನರಿನಲ್ಲಿ ನಾನು ಎರಡು ನಟ್ಟಿನ ಮೂಲೆ ಸವೆಸಿದ್ದೇನೆ. ಸಿಲಿಂಡರಿನ ಹತ್ತಿರ ಕಂಪನಿಯವರು ಕೊಟ್ಟ ಸುರುಳಿ ಇದ್ದರೆ ಹೊಸ ಪೈಪಿನಲ್ಲೂ ಅದನ್ನು ಹಾಗೇ ಸುತ್ತಿ. ನಡುಗುವಿಕೆಯನ್ನು ಅದು ತಿನ್ನುತ್ತದೆ. ತಾಮ್ರದ ಸಲ ನಾನು ಸುಮ್ನೆ ನೇರ ಎಳೆದಿದ್ದೆ.

ಸಿಲಿಂಡರ್ ಬಿಚ್ಚಿದ್ದರೆ ಅದರೊಳಗೆ ಸಿಕ್ಕಿದ ಏರ್ ತೆಗೆಯುವುದಂತೂ ಅದು ಗಾಡಿಗೆ ಏರುವ ಮೊದಲೇ, ವೈಸಿನಲ್ಲಿ ಹಿಡಿದು, ಒಮ್ಮೆ ಆಗಲಿ. ಆಯಿಲ್ ಹೊಸ ಡಬ್ಬಿಯದೇ ಇರಲಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 230 ಡಿಗ್ರಿವರೆಗೆ ಕುದಿಯುವುದಿಲ್ಲ, ನೀರು ಹೀರಿದ ಮೇಲೆ 155ಕ್ಕೇ ಕುದಿಯಬಹುದು. ಘಟ್ಟ ಇಳಿಯುವವರಿಗೆ ಅದು ದೊಡ್ಡ ವ್ಯತ್ಯಾಸ.

ಕೆಲಸ ಮುಗಿದ ಮಾರನೇ ದಿನ, ಮತ್ತೆ ವಾರ ಬಿಟ್ಟು, ಪ್ರತಿ ನಟ್ಟಿನ ಸುತ್ತ ಬಿಳಿ ಕಾಗದ ಒತ್ತಿ ನೋಡಿದೆ. ಎರಡೂ ಸಲ ಕಾಗದ ಒಣಗಿಯೇ ಇತ್ತು.