ಮೂರು ಹಂಗಾಮು ಬಳಸಿದ ಮೇಲೆ: ಮೋಲ್ಡ್ ಲಿಂಕರ್, ಜೊತೆಗೆ ಸ್ಟ್ಯಾಟಿಕ್–ಡೈನಾಮಿಕ್ ಲೆಕ್ಕ

ಕಬ್ಬು ಅರೆಯುವ ಹಂಗಾಮು. ರಾತ್ರಿ ಹನ್ನೊಂದಕ್ಕೆ ಮಂಡ್ಯ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜ್‌ನಿಂದ (ಗಾಡಿ ತೂಗುವ ಕಟ್ಟೆ) ಫೋನು. ಅಲ್ಲಿನ ತೂಕದ ಸಾಫ್ಟ್‌ವೇರ್ ನಮ್ಮದು. "ಸಾ, ಇನ್ನೆಷ್ಟೊತ್ತಾಯ್ತದೆ? ಗಾಡಿಗಳು ಗೇಟಿಂದಾಚೆ ರೋಡ್‌ಗಂಟ ನಿಂತವೆ." ಟೇರ್ ತೂಕ (ಖಾಲಿ ಗಾಡಿಯ ತೂಕ) ಲೆಕ್ಕ ಹಾಕುವ ಕಡೆ ಒಂದೇ ಸಾಲಿನ ತಪ್ಪು. ತಿದ್ದಲು ಎರಡು ನಿಮಿಷ ಸಾಕಾಯಿತು. ಆಮೇಲೆ ಟೆಸ್ಟುಗಳೆಲ್ಲ ಲಿಂಕ್ ಆಗುವವರೆಗೆ, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ನಮ್ಮ ಆಫೀಸಿನಲ್ಲಿ ಕಾಲು ಗಂಟೆ ಪರದೆ ನೋಡುತ್ತಾ ಕೂತಿದ್ದೆ. ಕಂಪೈಲ್ ಆದ ತುಂಡುಗಳನ್ನು ಜೋಡಿಸಿ ಓಡುವ ಪ್ರೋಗ್ರಾಂ ಮಾಡುವುದೇ ಲಿಂಕ್, ಅದನ್ನು ಮಾಡುವುದು ಲಿಂಕರ್. ಬಿಸಿಲಲ್ಲಿ ಕಡಿದ ಕಬ್ಬು ಗಾಡಿಯ ಮೇಲೆ ಒಣಗಿದಷ್ಟೂ ರೈತನಿಗೆ ತೂಕದಲ್ಲಿ ನಷ್ಟ. ಬಿಲ್ಡ್ ಸಮಯದ (ಕೋಡು ಓಡುವ ಪ್ರೋಗ್ರಾಂ ಆಗಲು ಹಿಡಿಯುವ ಹೊತ್ತು) ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲು ಶುರು ಮಾಡಿದ್ದು ಆ ರಾತ್ರಿಯಿಂದ.

ನಮ್ಮದು ಸಿ ಪ್ಲಸ್ ಪ್ಲಸ್ ಕೋಡ್. ಇಪ್ಪತ್ತಕ್ಕೂ ಹೆಚ್ಚು ಲೈಬ್ರರಿ, ಸುಮಾರು 60 ಟೆಸ್ಟ್ ಪ್ರೋಗ್ರಾಂ, ಬಿಲ್ಡ್ ನಡೆಸಲು ಸಿಮೇಕ್ ಮತ್ತು ನಿಂಜಾ. ಮೊದಲು ಎಲ್ಲವೂ ಸ್ಟ್ಯಾಟಿಕ್. ಅಂದರೆ ತಳದ ಲೈಬ್ರರಿಯಲ್ಲಿ ಒಂದು ಸಾಲು ಮುಟ್ಟಿದರೂ ಅರವತ್ತೂ ಪ್ರೋಗ್ರಾಂ ಮತ್ತೆ ಲಿಂಕ್ ಆಗಬೇಕು, ಪ್ರತಿಯೊಂದರೊಳಗೂ ಅದೇ ಕೋಡು, ಅದೇ ಡೀಬಗ್ ಮಾಹಿತಿ ಹೊಸದಾಗಿ ತುಂಬಬೇಕು. ಹಿಂದೆ ಕಂಪೈಲ್ ಆದದ್ದನ್ನು ಮತ್ತೆ ಬಳಸುವ ಸಿಕ್ಯಾಶ್ ಇತ್ತು, ಆದರೆ ಅದು ಕಂಪೈಲ್ ಕೆಲಸವನ್ನು ಉಳಿಸುತ್ತದೆಯೇ ಹೊರತು ಲಿಂಕ್ ಕೆಲಸವನ್ನಲ್ಲ. ಎಂಟು ಲಿಂಕ್ ಒಟ್ಟಿಗೆ ಓಡಿದರೆ 16 ಜಿಬಿ ಮೆಮೊರಿ ತುಂಬಿ ಲ್ಯಾಪ್‌ಟಾಪ್ ಸ್ವಾಪ್‌ಗೆ (ಮೆಮೊರಿ ಬದಲು ಡಿಸ್ಕ್ ಬಳಸುವುದಕ್ಕೆ) ಇಳಿದು, ಮೌಸ್ ಕೂಡ ಅಲ್ಲಾಡುತ್ತಿರಲಿಲ್ಲ.

ಮೊದಲ ಪರಿಹಾರ ಮೋಲ್ಡ್ ಎಂಬ ವೇಗದ ಲಿಂಕರ್. ಎಲ್‌ಎಲ್‌ವಿಎಂ ಕಂಪೈಲರ್ ಯೋಜನೆಯ ಎಲ್‌ಎಲ್‌ಡಿ ಲಿಂಕರ್‌ನ ಈಗಿನ ರೂಪವನ್ನು ಬರೆದ ರುಯಿ ಉಯೆಯಾಮ ಅವರೇ ಇದನ್ನೂ ಬರೆದದ್ದು, 1.0 ಬಂದದ್ದು 2021ರ ಡಿಸೆಂಬರ್‌ನಲ್ಲಿ. ಆಗ ಷರತ್ತು ಹೆಚ್ಚಿರುವ ಎಜಿಪಿಎಲ್ ಪರವಾನಗಿ ಇದ್ದುದರಿಂದ ಆಫೀಸಿನಲ್ಲಿ ಸ್ವಲ್ಪ ಹಿಂಜರಿಕೆ ಇತ್ತು. 2023ರಲ್ಲಿ 2.0 ಸಡಿಲವಾದ ಎಂಐಟಿ ಪರವಾನಗಿಗೆ ಬಂದ ಮೇಲೆ ಯಾರೂ ತಕರಾರು ತೆಗೆಯಲಿಲ್ಲ. ಜಿಸಿಸಿ ಕಂಪೈಲರಿನ 12ರಿಂದ ಈಚೆಗೆ ಒಂದೇ ಆಯ್ಕೆ ಕೊಟ್ಟರೆ ಸಾಕು, ಹಳೆಯ ಲಿಂಕರ್ (ಜಿಎನ್‌ಯು ಎಲ್‌ಡಿ) ಜಾಗದಲ್ಲಿ ಇದು ಕೂರುತ್ತದೆ. ಮೋಲ್ಡ್‌ನವರೇ ಪ್ರಕಟಿಸಿರುವ ಅಳತೆಯಲ್ಲಿ ಕ್ಲಾಂಗ್ 19 ಕಂಪೈಲರನ್ನು ಲಿಂಕ್ ಮಾಡಲು ಜಿಎನ್‌ಯು ಎಲ್‌ಡಿಗೆ ಸುಮಾರು 42 ಸೆಕೆಂಡು, ಮೋಲ್ಡ್‌ಗೆ ಒಂದೂವರೆ ಸೆಕೆಂಡಿಗೂ ಕಡಿಮೆ. ಅದು 16 ಕೋರಿನ ಲೆಕ್ಕ. ನನ್ನ ಎಂಟು ಕೋರಿನಲ್ಲಿ ಅಷ್ಟು ಸಿಗಲಿಲ್ಲ, ಆದರೂ ಕಾಲು ಗಂಟೆಯ ಕಾಯುವಿಕೆ ಎರಡು ನಿಮಿಷದೊಳಗೆ ಬಂತು. ಜೊತೆಗೆ ಸಿಮೇಕ್‌ನ ಜಾಬ್ ಪೂಲ್ ಬಳಸಿ ಒಮ್ಮೆಗೆ ಎರಡೇ ಲಿಂಕ್ ಎಂದು ಮಿತಿ ಹಾಕಿದೆ. ಮೋಲ್ಡ್ ತಾನೇ ಎಲ್ಲ ಕೋರ್‌ಗಳನ್ನೂ ಬಳಸುವುದರಿಂದ ಇದರಿಂದ ನಷ್ಟವಿಲ್ಲ, ಸ್ವಾಪ್ ಕಾಟ ಮಾತ್ರ ತಪ್ಪಿತು.

ಎರಡನೆಯದು, ನನ್ನ ಮಟ್ಟಿಗೆ ದೊಡ್ಡದು, ದಿನನಿತ್ಯದ ಬಿಲ್ಡನ್ನು ಡೈನಾಮಿಕ್ ಮಾಡಿದ್ದು. ಅಂದರೆ ಲೈಬ್ರರಿಗಳು ಬೇರೆ ಫೈಲುಗಳಾಗಿಯೇ ಉಳಿದು, ಪ್ರೋಗ್ರಾಂ ಓಡುವಾಗ ಸೇರಿಕೊಳ್ಳುತ್ತವೆ. ಬಿಲ್ಡ್ ಶೇರ್ಡ್ ಲಿಬ್ಸ್ ಎಂಬ ಆಯ್ಕೆ ಆನ್ ಮಾಡಿದರೆ ಸಾಕು ಅಂದುಕೊಂಡಿದ್ದೆ. ಆದರೆ ಅರ್ಧಕ್ಕರ್ಧ ಲೈಬ್ರರಿಗಳಲ್ಲಿ ಸ್ಟ್ಯಾಟಿಕ್ ಎಂದು ಯಾರೋ ಬರೆದಿಟ್ಟಿದ್ದರು. ಹಾಗೆ ಬರೆದಿದ್ದರೆ ಆ ಆಯ್ಕೆ ಅವುಗಳಿಗೆ ನಾಟುವುದೇ ಇಲ್ಲ. ಅವನ್ನೆಲ್ಲ ಅಳಿಸಿದೆ. ಆಮೇಲೂ ಅರವತ್ತು ಟೆಸ್ಟು ಸುಮ್ಮಸುಮ್ಮನೆ ಮತ್ತೆ ಲಿಂಕ್ ಆಗುತ್ತಿದ್ದವು, ಏಕೆಂದರೆ ಲೈಬ್ರರಿ ಫೈಲು ಹೊಸದಾದರೆ ಅದನ್ನು ಬಳಸುವವೂ ಹೊಸದಾಗಬೇಕು ಎಂದೇ ನಿಂಜಾ ತಿಳಿದಿರುತ್ತದೆ. ಲಿಂಕ್ ಡಿಪೆಂಡ್ಸ್ ನೋ ಶೇರ್ಡ್ ಎಂಬ ಗುಣವನ್ನು ಆನ್ ಮಾಡಿದ ಮೇಲೆ ಬದಲಾದ ಒಂದು ಲೈಬ್ರರಿ ಮಾತ್ರ ಲಿಂಕ್ ಆಗತೊಡಗಿತು. ಒಂದು ಸಾಲು ತಿದ್ದಿ ಟೆಸ್ಟ್ ಓಡಿಸಲು ಈಗ ನಾಲ್ಕೈದು ಸೆಕೆಂಡು. ಪಕ್ಕದ ಗೆಳತಿಯನ್ನು ಕರೆದು ತೋರಿಸಿದೆ. ಸಂಜೆಯೊಳಗೆ ಅವರ ಮೆಷಿನ್‌ನಲ್ಲೂ ಅದೇ ಬಂತು.

ಆದರೆ ಎಲ್ಲವನ್ನೂ ಅಳಿಸಿ ಮೊದಲಿಂದ ಬಿಲ್ಡ್ ಮಾಡಿದರೆ ಸ್ಟ್ಯಾಟಿಕ್‌ಗೂ ಡೈನಾಮಿಕ್‌ಗೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಅಲ್ಲಿ ಸಮಯವೆಲ್ಲ ಕಂಪೈಲ್‌ಗೇ ಹೋಗುತ್ತದೆ. ನಿಮ್ಮದು ಒಂದೇ ಪ್ರೋಗ್ರಾಂ, ನಾಲ್ಕು ಲೈಬ್ರರಿ ಎಂದಾದರೆ ಮೋಲ್ಡ್ ಹಾಕಿಕೊಂಡು ಸುಮ್ಮನಿರಿ, ಡೈನಾಮಿಕ್ ಮಾಡುವ ಶ್ರಮ ಬೇಡ.

ಆ ಶ್ರಮ ಎಂಥದ್ದು ಎಂಬುದಕ್ಕೆ ಒಂದು ಉದಾಹರಣೆ. ಸೆಟ್ಟಿಂಗ್ಸ್ ಇಡುವ ಒಂದು ಸಣ್ಣ ಲೈಬ್ರರಿ ಮಾತ್ರ ಸ್ಟ್ಯಾಟಿಕ್ ಆಗಿಯೇ ಉಳಿದಿತ್ತು, ಎರಡು ಡೈನಾಮಿಕ್ ಲೈಬ್ರರಿಗಳ ಒಳಗೆ ಸೇರಿಕೊಂಡಿತ್ತು. ಸಿಂಬಲ್‌ಗಳನ್ನು (ಫಂಕ್ಷನ್, ವೇರಿಯಬಲ್‌ಗಳ ಹೆಸರು) ಹೊರಗೆ ಕಾಣದಂತೆ ಮುಚ್ಚಿಟ್ಟಿದ್ದರಿಂದ ಎರಡೂ ಕಡೆ ಬೇರೆ ಬೇರೆ ಪ್ರತಿ. ಒಂದು ಕಡೆ ಕ್ಯಾಲಿಬ್ರೇಷನ್ ಬರೆದರೆ ಇನ್ನೊಂದು ಕಡೆ ಸೊನ್ನೆ ಓದುತ್ತಿತ್ತು. ಗ್ರಾಸ್ (ಒಟ್ಟು ತೂಕ) ಸರಿ, ನೆಟ್ (ಟೇರ್ ಕಳೆದ ತೂಕ) ತಪ್ಪು. ಸ್ಟ್ಯಾಟಿಕ್ ಬಿಲ್ಡ್‌ನಲ್ಲಿ ಎಲ್ಲವೂ ಸರಿ. ಎರಡು ದಿನ ಹುಡುಕಿದ ಮೇಲೆ, ಡೀಬಗರ್‌ನಲ್ಲಿ ಒಂದೇ ವೇರಿಯಬಲ್‌ಗೆ ಎರಡು ವಿಳಾಸ ಕಂಡಾಗ ಗೊತ್ತಾಯಿತು. ಅದನ್ನೂ ಡೈನಾಮಿಕ್ ಮಾಡಿದೆವು.

ಮೋಲ್ಡ್ ಬಗ್ಗೆ ಒಂದೇ ದೂರು. ಅದಕ್ಕೆ ಆರ್ಕೈವ್ (ಸ್ಟ್ಯಾಟಿಕ್ ಲೈಬ್ರರಿ) ಫೈಲುಗಳ ಕ್ರಮ ಲೆಕ್ಕಕ್ಕಿಲ್ಲ. ಹಿಂದು ಮುಂದಾಗಿ ಕೊಟ್ಟರೂ ಲಿಂಕ್ ಮಾಡಿಬಿಡುತ್ತದೆ. ಜಿಎನ್‌ಯು ಎಲ್‌ಡಿ ಹಾಗಲ್ಲ. ರಿಲೀಸ್ ಮೆಷಿನ್‌ನಲ್ಲಿ ಹಳೆಯ ಲಿಂಕರ್ ಇತ್ತು, ನಮ್ಮಲ್ಲಿ ಸರಿಯಿದ್ದದ್ದು ಅಲ್ಲಿ ಸಿಂಬಲ್ ಸಿಗಲಿಲ್ಲ ಎಂದು ನಿಂತಿತು. ಅದಕ್ಕೇ ಪ್ರತಿ ರಾತ್ರಿ ಒಂದು ಬಿಲ್ಡನ್ನು ಜಿಎನ್‌ಯು ಎಲ್‌ಡಿಯಲ್ಲೇ ಓಡಿಸುತ್ತೇವೆ. ಇನ್ನು ಗೋಲ್ಡ್ ಎಂಬ ಲಿಂಕರ್ ಬಳಸುತ್ತಿರುವವರು ಬದಲಾಯಿಸಿಕೊಳ್ಳಿ. ಜಿಎನ್‌ಯು ಲಿಂಕರ್‌ಗಳು ಬರುವ ಕಟ್ಟಾದ ಬಿನ್‌ಯುಟಿಲ್ಸ್‌ನ 2025ರ 2.44ರಿಂದ ಅದನ್ನು ಮುಖ್ಯ ಕಟ್ಟಿನಿಂದಲೇ ತೆಗೆದಿದ್ದಾರೆ.

ಕಾರ್ಖಾನೆಗೆ ಕಳಿಸುವುದು ಮಾತ್ರ ಇಂದಿಗೂ ಸ್ಟ್ಯಾಟಿಕ್. ವೇಬ್ರಿಡ್ಜ್ ಕೋಣೆಯ ಕಂಪ್ಯೂಟರಿಗೆ ಇಂಟರ್ನೆಟ್ ಇಲ್ಲ, ಪೆನ್‌ಡ್ರೈವ್‌ನಲ್ಲಿ ಒಂದೇ ಫೈಲು ಹೋಗಬೇಕು. ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿ ಒಂದನ್ನು ಮಾತ್ರ ಡೈನಾಮಿಕ್ ಆಗಿ ಬಿಟ್ಟಿದ್ದೇವೆ, ಬಿಲ್ಡನ್ನು ಅಲ್ಲಿಯಷ್ಟೇ ಹಳೆಯ ಲಿನಕ್ಸ್‌ನಲ್ಲಿ ಮಾಡುತ್ತೇವೆ. ಕಳೆದ ಹಂಗಾಮಿನಲ್ಲಿ ಅದೇ ಆಪರೇಟರ್ ಮತ್ತೆ ರಾತ್ರಿ ಫೋನ್ ಮಾಡಿದರು. ಬೆಳಗ್ಗೆ ಆರರೊಳಗೆ ನಮ್ಮ ಹುಡುಗ ಪೆನ್‌ಡ್ರೈವ್ ಹಿಡಿದು ಮಂಡ್ಯ ಬಸ್ ಹತ್ತಿದ್ದ.