ಟ್ಯುನೀಷಿಯಾದ ದತ್ತು, ಮೊರಾಕ್ಕೊದ ಕಫಾಲಾ: ಅನಾಥ ಮಗುವಿಗೆ ಯಾವುದು?

ಮನೆ ಎರಡರಲ್ಲೂ ಸಿಗುತ್ತದೆ, ಹಕ್ಕು ಮಾತ್ರ ಬೇರೆ. ಟ್ಯುನೀಷಿಯಾದ 1958ರ ಕಾನೂನಿನಲ್ಲಿ ಪೂರ್ಣ ದತ್ತು ಉಂಟು: ನ್ಯಾಯಾಧೀಶರ ತೀರ್ಪಾದ ಮೇಲೆ ಮಗುವಿಗೆ ಸಾಕಿದವರ ಹೆಸರು, ಹೆತ್ತ ಮಗುವಿನಷ್ಟೇ ಆಸ್ತಿಹಕ್ಕು. ಭದ್ರತೆಯೇ ಮುಖ್ಯವಾದರೆ ಇದೇ ಗಟ್ಟಿ.

ಮೊರಾಕ್ಕೊದ ಕಫಾಲಾ (2002ರ 15-01 ಕಾನೂನು) ಪೋಷಣೆ, ರಕ್ಷಣೆ, ಶಿಕ್ಷಣದ ಹೊಣೆಯಷ್ಟೇ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿ ಇದನ್ನೂ ಒಪ್ಪುತ್ತದೆ; ಮಗುವಿನ ಮೂಲ ವಂಶದ ಗುರುತೂ ಅಳಿಯದು. ಆದರೆ ವಾರಸುದಾರಿಕೆ ಹುಟ್ಟುವುದಿಲ್ಲ, ಎಡವುವುದು ಇಲ್ಲೇ. ಸಾಕಿದವರು ಉಯಿಲು ಬರೆಯದೆ ತೀರಿಕೊಂಡರೆ ಆಸ್ತಿ ಬಂಧುಗಳ ಪಾಲು, ಮಗು ಬರಿಗೈ. ಉಯಿಲಿನಲ್ಲೂ, ವಾರಸುದಾರರು ಒಪ್ಪದಿದ್ದರೆ, ಮೂರನೇ ಒಂದು ಭಾಗವೇ ಮಿತಿ; ಹೆಚ್ಚು ಕೊಡಬೇಕೆಂದರೆ ಬದುಕಿದ್ದಾಗಲೇ ದಾನಪತ್ರ ಮಾಡಿಡಬೇಕು. ಮಗುವನ್ನು ವಿದೇಶಕ್ಕೆ ಕರೆದೊಯ್ದು ನೆಲೆಸಲು ನ್ಯಾಯಾಧೀಶರ ಅನುಮತಿ ಬೇರೆ ಬೇಕು.