ಅಂಗುಲ್ ನಾಲ್ಕೋ ಪವರ್ ಪ್ಲಾಂಟ್: 40 ದಿನ ಇದ್ದು ಬಂದಾಂವನ ರಿವ್ಯೂ

ಒಡಿಶಾದ ಅಂಗುಲ್‌ನಾಗ ಇರೋ, ಕೇಂದ್ರ ಸರ್ಕಾರದ ಅಲ್ಯೂಮಿನಿಯಂ ಕಂಪನಿ ನಾಲ್ಕೋದ ಕ್ಯಾಪ್ಟಿವ್ ಪವರ್ ಪ್ಲಾಂಟಿಗೆ (ಕಂಪನಿ ತನ್ನ ಬಳಕಿಗೇ ಕಟ್ಟಿಕೊಂಡ ಪ್ಲಾಂಟು), ಟರ್ಬೈನ್ ಬಿಚ್ಚಿ ರಿಪೇರಿ ಮಾಡೋ ಓವರ್‌ಹಾಲ್ ಟೀಮಿನ ಜೋಡಿ ಹೋಗಿ 40 ದಿನ ಇದ್ದು ಬಂದೀನಿ. ಪವರ್ ಪ್ಲಾಂಟಿಗೆ ಎಂಥಾ ರಿವ್ಯೂ ಅಂತ ಕೇಳಬ್ಯಾಡ್ರಿ, ಇದಕ್ಕ ಮುಖ್ಯ ಗಿರಾಕಿ ಅಂತ ಇರೋದ ಒಬ್ಬ, ಕಂಪನಿದ ಅಲ್ಯೂಮಿನಿಯಂ ಸ್ಮೆಲ್ಟರ್ (ಲೋಹ ತಯಾರಿಸೋ ಕಾರ್ಖಾನಿ), ಆ ಗಿರಾಕಿಗೆ ಸರ್ವಿಸ್ ಹೆಂಗ ಕೊಡ್ತೈತಿ ಅನ್ನೋದನ್ನ ನಾ ಹೇಳಾಕತ್ತೀನಿ.

ನಾ ಬೆಳಗಾವಿಯಾಂವ. ನಮ್ಮೂರಾಗೂ ಒಂದ ಕಾಲಕ್ಕ ಇಂಡಾಲ್ ಕಂಪನಿ ಸ್ಮೆಲ್ಟರ್ ಇತ್ತು, ನಮ್ಮ ಕಾಕಾ ಅಲ್ಲೇ ಪಾಟ್‌ರೂಮಿನಾಗ, ಅಂದ್ರ ಲೋಹ ತಯಾರಾಗೋ ತೊಟ್ಟಿ (ಪಾಟ್) ಸಾಲಿನಾಗ, ದುಡದಾಂವ. ಕರೆಂಟ್ ಸಾಲಲಿಲ್ಲ, ಸಿಗೋ ಕರೆಂಟೂ ತುಟ್ಟಿ ಆತು, ಕಡೀಕ ಸ್ಮೆಲ್ಟರ್ ಬಂದಾತು, ಈಗ ಅಲ್ಲೆ ಅಲ್ಯೂಮಿನಾ (ಅಲ್ಯೂಮಿನಿಯಂ ತಗಿಯೋ ಬಿಳಿ ಪುಡಿ) ಮಾಡೋ ರಿಫೈನರಿ ಅಷ್ಟ ಉಳದೈತಿ. ಹಂಗಾಗಿ ಅಂಗುಲ್‌ಗೆ ಹೊಂಟೀನಿ ಅಂದಾಗ ಕಾಕಾ ಕೇಳಿದ್ದು ಒಂದ ಮಾತು, "ಅಲ್ಲೆ ಕರೆಂಟ್ ಹೋಗ್ತೈತೇನು ನೋಡ್ಕೊಂಡ ಬಾ."

ಯಾಕ ಅಂದ್ರ ಸ್ಮೆಲ್ಟರ್‌ಗೆ ಕರೆಂಟ್ ಅಂದ್ರ ಉಸಿರು. ಒಂದೊಂದು ಪಾಟಿನಾಗೂ 950 ಡಿಗ್ರಿ ಆಸುಪಾಸು ಕಾದ ಕ್ರಯೋಲೈಟ್ ಅನ್ನೋ ಖನಿಜದ ದ್ರವ ಇರ್ತೈತಿ, ಅದರಾಗ ಅಲ್ಯೂಮಿನಾ ಕರಗಿಸಿ ಕರೆಂಟ್ ಹಾಯಿಸ್ತಾರ, ತಳದಾಗ ಅಲ್ಯೂಮಿನಿಯಂ ಕೂಡತೈತಿ. ಇಲ್ಲೆ ಅಂಥಾ 960 ಪಾಟ್ ಅದಾವ, ಒಂದ ಲೈನಿಗೆ 240 ರಂಗ ನಾಕು ಲೈನ್, ಸರದ ಮಣಿ ಪೋಣಿಸಿದಂಗ ಒಂದಕ್ಕೊಂದು ಸೀರೀಸ್‌ನಾಗ. ಹರಿಯೋ ಕರೆಂಟ್ ಸುಮಾರು 1.8 ಲಕ್ಷ ಆಂಪಿಯರ್. ನಾಕೈದು ತಾಸು ಕರೆಂಟ್ ನಿಂತ್ರ ಒಳಗಿನ ದ್ರವ ಎಲ್ಲಾ ಕಲ್ಲಾಗಿ ಕುಂಡರ್ತೈತಿ, ಆಮ್ಯಾಲೆ ಒಡದು ತಗೀಬೇಕು, ಮತ್ತ ಲೈನ್ ಎಬ್ಬಸಾಕ ತಿಂಗಳಗಟ್ಟಲೆ.

ಒಂದಿನ ಪಾಟ್‌ರೂಮ್ ನೋಡಾಕ ಕರಕೊಂಡು ಹೋಗಿದ್ರು. ವಾಚು, ಮೊಬೈಲು, ಎಟಿಎಂ ಕಾರ್ಡು ಹೊರಗ ಇಟ್ಟು ಬರ್ರಿ ಅಂದ್ರು. ನನ್ನ ಕಿಸೆದಾಗ ಲಾಜಿನ ಕೀಲಿ ಉಳದಿತ್ತು, ದಾರ ಹಿಡದ್ರ ಕೀಲಿ ಕೆಳಗ ಜೋತು ಬೀಳವಲ್ದು, ಕರೆಂಟ್ ಹೊರೋ ದಪ್ಪ ಪಟ್ಟಿ ಬಸ್‌ಬಾರ್ ಕಡೆ ವಾಲಿ ಗಾಳಿಯಾಗ ನಿಂತ ಬಿಡ್ತು. ಆ ಕರೆಂಟಿನ ಕಾಂತಶಕ್ತಿ ಅದು. ಕಾಕಾ ಹೇಳ್ತಿದ್ದ ಮಾತು ಕಣ್ಣಾರೆ ಕಂಡೆ, ಮೈ ಝುಂ ಅಂತು.

ಇನ್ನ ಪ್ಲಾಂಟಿನ ಮಾತು. 120 ಮೆಗಾವ್ಯಾಟಿನ ಹತ್ತು ಯೂನಿಟ್ (ಕರೆಂಟ್ ಮಾಡೋ ಟರ್ಬೈನ್ ಸೆಟ್), ಒಟ್ಟು 1200 ಮೆಗಾವ್ಯಾಟ್. ಮೊದಲು ನನಗೂ ಅನಿಸಿತ್ತು ಇಷ್ಟು ಸಣ್ಣ ಸಣ್ಣವು ಯಾಕ, ಎರಡು ದೊಡ್ಡ ಯೂನಿಟ್ ಹಾಕಿದ್ರ ಕಲ್ಲಿದ್ದಲೂ ಉಳೀತಿತ್ತಲ್ಲ ಅಂತ. ಲೆಕ್ಕ ಹಾಕಿದ ಮ್ಯಾಲೆ ಗೊತ್ತಾತು. ಸ್ಮೆಲ್ಟರ್ ವರ್ಷಕ್ಕ 4.6 ಲಕ್ಷ ಟನ್ನಿನದು, ಒಂದು ಕೆಜಿಗೆ 14 ಯೂನಿಟ್ ಆಸುಪಾಸು ಕರೆಂಟ್ ಅಂತ ಹಿಡದ್ರ ಹಗಲು ರಾತ್ರಿ 730 ಮೆಗಾವ್ಯಾಟ್ ಹತ್ರ ಬೇಕು. ಒಂದು ಯೂನಿಟ್ ಓವರ್‌ಹಾಲ್‌ಗೆ ಬಿಚ್ಚಿಟ್ಟಿದ್ರೂ, ಇನ್ನೊಂದು ಟ್ರಿಪ್ ಆಗಿ ಒಮ್ಮೆಲೆ ನಿಂತ್ರೂ, ಉಳದವು ಹೆಗಲು ಕೊಡ್ತಾವ. ನಾವು ಒಂದರ ತಿರುಗೋ ಭಾಗ, ರೋಟರ್, ಎತ್ತಿ ಹೊರಗ ಇಟ್ಟಾಗೂ ಪಾಟ್‌ಲೈನಿಗೆ ಅದರ ಬಿಸಿ ಮುಟ್ಟಲಿಲ್ಲ. ಈ ಪ್ಲ್ಯಾನಿಂಗ್ ಮಾಡಿದವರಿಗೆ ದೊಡ್ಡ ನಮಸ್ಕಾರ.

ಆದ್ರ ಕಲ್ಲಿದ್ದಲು ಇಲ್ಲಂದ್ರ ಹತ್ತು ಯೂನಿಟ್ ಇದ್ದೂ ಏನೂ ಉಪಯೋಗ ಇಲ್ಲ. ತಾಲ್ಚೇರ್ ಗಣಿ ಬಾಜೂಕ ಐತಿ ಅಂತ್ಲೇ ಇಲ್ಲೆ ಕಟ್ಯಾರ, ನೀರು ಬ್ರಾಹ್ಮಣಿ ನದೀದು. ಅಷ್ಟಿದ್ರೂ 2021 ರ ಅಕ್ಟೋಬರ್‌ನಾಗ ದೇಶದ ತುಂಬ ಕಲ್ಲಿದ್ದಲು ಕೊರತೆ ಆದಾಗ ಊರಿಗೆ ಕರೆಂಟ್ ಕೊಡೋ ಪ್ಲಾಂಟ್‌ಗಳಿಗೆ ಮೊದಲು ಕೊಟ್ಟು ಕ್ಯಾಪ್ಟಿವ್‌ದವರನ್ನ ಹಿಂದ ಹಾಕಿದ್ರು. ಮನಿಗೆ ಕರೆಂಟ್ ಬೇಕ ಬೇಕು, ಅದು ಖರೆ, ಆದ್ರ ಪಾಟ್‌ಲೈನ್ ಕಾಯೋದಿಲ್ಲ ಅನ್ನೋದೂ ಅಷ್ಟ ಖರೆ.

ಒಂದು ಸ್ಟಾರ್ ನಾ ಕಡಿಮೆ ಮಾಡಿದ್ದು ಬೂದಿಗೆ. ನಮ್ಮ ದೇಶದ ಕಲ್ಲಿದ್ದಲಿನಾಗ ನೂರಕ್ಕ 35-40 ಬೂದಿನ. ಒಂದು ಯೂನಿಟ್ ಕರೆಂಟಿಗೆ ಮುಕ್ಕಾಲು ಕೆಜಿ ಕಲ್ಲಿದ್ದಲು ಅಂದ್ರ ಒಂದು ಕೆಜಿ ಅಲ್ಯೂಮಿನಿಯಂಗೆ ಹತ್ತು ಕೆಜಿ ಕಲ್ಲಿದ್ದಲು, ನಾಕು ಕೆಜಿ ಹತ್ರ ಬೂದಿ! ಆ ಬೂದಿ ಮುಟ್ಟಿ ನೋಡೀನಿ, ಮೈದಾ ಹಿಟ್ಟಿಗಿಂತ ನುಣುಪು, ಬೆರಳಿನ ಗೆರಿಯಾಗ ಕುಂತ್ರ ಎರಡು ಸಲ ಸಬಕಾರ ಹಚ್ಚಿ ತೊಳದ್ರೂ ಹೋಗಂಗಿಲ್ಲ. ಸಿಮೆಂಟಿಗೆ, ಇಟ್ಟಂಗಿಗೆ ಹೋದದ್ದು ಚಲೋ ಆತು, ಹೊಂಡದಾಗ ನಿಂತದ್ದಕ್ಕ ಮುಂದಿನ ಮಕ್ಕಳು ಏನ್ ಮಾಡಬೇಕು? ಮನ್ಯಾಗಿನ ಕುಕ್ಕರ್ ನೋಡಿದಾಗೆಲ್ಲ ಈಗ ನನಗ ಅದರ ತೂಕದ ನಾಕು ಪಟ್ಟು ಬೂದಿ ಕಣ್ಮುಂದ ಬರ್ತೈತಿ. ಹಳೇ ಅಲ್ಯೂಮಿನಿಯಂ ಕರಗಿಸಿ ಮತ್ತ ಬಳಸಿದ್ರ ಇದರ ನೂರಕ್ಕ ಐದು ಪಾಲು ಶಕ್ತಿ ಸಾಕು ಅಂತಾರ, ದಯವಿಟ್ಟು ತೂತು ಬಿದ್ದ ಪಾತ್ರಿ ಕಸಕ್ಕ ಒಗೀಬ್ಯಾಡ್ರಿ, ಮೋಡಕಾದವಗ ಕೊಡ್ರಿ.

ನಮ್ಮ ಕಾಂಟ್ರಾಕ್ಟರ್ ಕೊಟ್ಟ ರೂಮಿನಾಗ ಫ್ಯಾನ್ ತಿರುಗ್ತಿದ್ದಿಲ್ಲ, ಅದು ಬ್ಯಾರೆ ಸಂಕಟ, ಪ್ಲಾಂಟಿಗೂ ಅದಕ್ಕೂ ಸಂಬಂಧ ಇಲ್ಲ. ಊಟಕ್ಕ ಚಿಂತಿ ಮಾಡಬ್ಯಾಡ್ರಿ, ನೀರನ್ನದ ಪಖಾಳ ನಮ್ಮ ತಂಗಳನ್ನ ಮಜ್ಜಿಗಿ ಉಂಡಂಗ, ಬಿಸಲಿಗೆ ಭಾಳ ಹಿತ. ಡಿಪ್ಲೊಮಾ, ಐಟಿಐ ಹುಡುಗರು ಹೋಗೋದಿದ್ರ ಮೊದಲ ಕಾಲೇಜಿನಿಂದ ಪತ್ರ ಬರದು ಪರ್ಮಿಷನ್ ತಗೋರಿ. ಡಿಸೆಂಬರ್ ಜನವರಿ ಚಲೋ, ಮೇ ತಿಂಗಳ ಮಾತ್ರ ಬ್ಯಾಡ್ರಿ, ಅಂಗುಲ್ ಬಿಸಲು ಕಲಬುರಗಿ ಬಿಸಲಿನ ಅಣ್ಣ.